ಎಷ್ಟು ಹಲ್ಲಿನ ಜೋಡಿ?

ಕಾಕಾ ಎಡಗೈಯಲ್ಲಿ ಹೋರಿಯ ಮೂಗುದಾರ ಹಿಡಿದು, ಬಲಗೈ ಹೆಬ್ಬೆರಳಿನಿಂದ ಅದರ ಕೆಳತುಟಿಯನ್ನು ಮೆಲ್ಲಗೆ ಜಗ್ಗಿದರು. ‘ಬ್ಯಾಟರಿ ಹಿಡೀಪಾ ಇಲ್ಲಿ.’ ಅಳಿಯ ಮೊಬೈಲಿನ ಬೆಳಕನ್ನು ಬಾಯಿಯ ಹತ್ತಿರ ತಂದ. ಹೋರಿ ತಲೆ ಕೊಡವಲಿಲ್ಲ. ದಿನಾ ಇದೇ ಕೈಯಿಂದ ಹಿಂಡಿ ತಿನ್ನುವ ಬಾಯಿ, ಕೈಯ ವಾಸನೆ ಅದಕ್ಕೆ ಗೊತ್ತು.

ಒದ್ದೆ ಒಸಡಿನ ಮೇಲೆ ಸಾಲಾಗಿ ಎಂಟು ಹಲ್ಲು. ನಡುವಿನ ಎರಡು ಅಗಲವಾಗಿ, ಕುಂಬಳಬೀಜದ ಹಾಗೆ ಚಪ್ಪಟೆಯಾಗಿ ನೆಟ್ಟಗೆ ನಿಂತಿದ್ದವು. ಅವುಗಳ ಅತ್ತಿತ್ತ ಮೂರು ಮೂರು ಸಣ್ಣ ಹಲ್ಲು, ಮೆಕ್ಕೆಜೋಳದ ಕಾಳಿನಷ್ಟು, ಹಾಲಿನ ಬಿಳುಪು. ಎಡಗಡೆಯ ಮೊದಲ ಸಣ್ಣ ಹಲ್ಲಿನ ಮೇಲೆ ಕಾಕಾ ಉಗುರಿಟ್ಟು ಒತ್ತಿದರು. ಅದು ಅಲುಗಿತು.

‘ಅಳ್ಳಾಡ್ಲತ್ತದ,’ ಎಂದರು.

ಅಳಿಯ ಬೆಳಕು ಆರಿಸಿ ಸುಮ್ಮನೆ ನಿಂತ. ಇನ್ನು ಹನ್ನೆರಡು ದಿನಕ್ಕೆ ಗಡಿಯ ಈಚೆಗಿನ ಒಂದು ಊರಿನಲ್ಲಿ ಜಾತ್ರೆ. ಜಾತ್ರೆಯ ಮರುದಿನ ಖಾಲಿ ಗಾಡಿ ಶರ್ಯತ್ತು. ಸರ್ಜಾ ಮತ್ತು ರಾಜಾ ಎಂಬ ಈ ಎರಡು ಖಿಲಾರಿ ಹೋರಿಗಳು ಅಲ್ಲಿ ಯಾರ ಎದುರು ಓಡಬೇಕು ಎಂಬುದು ಆ ಅಲುಗುವ ಹಲ್ಲಿನ ಮೇಲೆ ನಿಂತಿತ್ತು. ಸರ್ಜಾನ ಹಾಲಹಲ್ಲು ಅಲ್ಲಿಯವರೆಗೆ ಉಳಿದರೆ ಜೋಡಿ ಎರಡು ಹಲ್ಲಿನದು. ಬಿದ್ದು ಹೊಸದು ಮೊಳೆತರೆ ನಾಲ್ಕು ಹಲ್ಲಿನದು. ಎರಡರ ನಡುವೆ ಒಂದು ವರ್ಷದ ಮೈ, ಒಂದು ವರ್ಷದ ಮೂಳೆ, ಒಂದು ವರ್ಷದ ಉಸಿರಿನ ಅಂತರ ಇದೆ.

ಖಜೂರಿ ಆಳಂದ ತಾಲ್ಲೂಕಿನ ಅಂಚಿನ ಊರು. ಆಳಂದದಿಂದ ಉಮರ್ಗಾ ಕಡೆಗೆ ಹೊರಟರೆ ಕರ್ನಾಟಕ ಇಲ್ಲಿಗೆ ಮುಗಿಯುತ್ತ ಬರುತ್ತದೆ. ಕೋರಣೇಶ್ವರ ಮಠದ ಊರು. ಸಂತೆಯಲ್ಲಿ ಕನ್ನಡದಲ್ಲಿ ಶುರುವಾದ ಚೌಕಾಸಿ ಮರಾಠಿಯಲ್ಲಿ ಮುಗಿಯುವುದು ಇಲ್ಲಿ ಯಾರಿಗೂ ಹೊಸದಲ್ಲ. ಎತ್ತಿನ ವಯಸ್ಸಿಗೂ ಎರಡು ಎಣಿಕೆ ಇವೆ. ನಾವು ಹಾಲಹಲ್ಲು ಅನ್ನುವುದಕ್ಕೆ ಆಚೆಯವರು ಆದತ ಅನ್ನುತ್ತಾರೆ. ನಮ್ಮ ಎರಡು ಹಲ್ಲು ಅವರ ದುಸಾ, ನಮ್ಮ ನಾಲ್ಕು ಹಲ್ಲು ಅವರ ಚೌಸಾ. ಎಂಟೂ ಬಂದು ಸಾಲು ಕೂಡಿದ ಎತ್ತಿಗೆ ನಾವು ಬಾಯಿಗೂಡಿದ್ದು ಅಂದರೆ ಅವರು ಜುಳಲಾ ಅನ್ನುತ್ತಾರೆ. ಅವರ ಮಾತಿಗೂ ಕೂಡಿದ್ದು ಎಂದೇ ಅರ್ಥ. ಭಾಷೆ ಎರಡಾದರೂ ನೋಡುವ ಬಾಯಿ ಒಂದೇ.

ದನಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇರುವುದಿಲ್ಲ, ಬರೀ ಗಟ್ಟಿ ಒಸಡು. ಆದ್ದರಿಂದ ಅದರ ಜಾತಕವೆಲ್ಲ ಕೆಳದವಡೆಯಲ್ಲೇ. ಸುಮಾರು ಎರಡು, ಎರಡೂವರೆ ವರ್ಷಕ್ಕೆ ನಡುವಿನ ಹಾಲಹಲ್ಲಿನ ಜೋಡಿ ಬಿದ್ದು ಗಟ್ಟಿಹಲ್ಲು ಬರುತ್ತದೆ. ಮೂರರ ಆಸುಪಾಸಿಗೆ ಪಕ್ಕದ ಜೋಡಿ. ಆಮೇಲೆ ಮೂರನೆಯದು. ನಾಲ್ಕೂವರೆ, ಐದು ವರ್ಷಕ್ಕೆ ಕೊನೆಯ ಮೂಲೆ ಹಲ್ಲು. ಮೇವು, ತಳಿ ನೋಡಿಕೊಂಡು ಕೆಲವು ತಿಂಗಳು ಹಿಂದೆ ಮುಂದೆ ಆಗಬಹುದು, ಸಾಲು ಮಾತ್ರ ತಪ್ಪುವುದಿಲ್ಲ. ಹುಟ್ಟಿದ ದಿನವನ್ನು ಬರೆದಿಟ್ಟವರು ಯಾರು? ಮಾರುವವನು ಹೇಳಿದ್ದು ಮಾತು, ಬಾಯಲ್ಲಿ ಇದ್ದದ್ದು ಖರೆ. ಸೊಲ್ಲಾಪುರದ ಸಿದ್ಧರಾಮೇಶ್ವರನ ಸಂಕ್ರಾಂತಿ ಜಾತ್ರೆಯಲ್ಲಿ ದನದ ಪೇಟೆಗೆ ಹೋದರೆ ಕೊಳ್ಳುವವನ ಕೈ ಮೊದಲು ಹೋಗುವುದು ತುಟಿಗೆ, ಆಮೇಲೆ ಹೆಗಲಿಗೆ, ಕೊನೆಗೆ ಕಾಲಿಗೆ.

ಅಳಿಯ ಆಳಂದದಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್. ಇಪ್ಪತ್ತೈದರ ಹುಡುಗ, ಕೈಗೆರೆಗಳಲ್ಲಿ ಗ್ರೀಸು ಯಾವಾಗಲೂ ಇದ್ದದ್ದೇ. ಮಾವನ ಎತ್ತು ಓಡಿಸಲು ರಜೆ ಹಾಕಿ ಬಂದಿದ್ದ. ಕಾಕಾ ಒಳಗೆ ಕೈ ತೊಳೆಯಲು ಹೋದಾಗ ಅವನು ಗೋದಲಿಯ ಕಟ್ಟೆ ಮೇಲೆ ಕುಳಿತು ನನಗೆ ತನ್ನ ಮೊಬೈಲಿನಲ್ಲಿ ಒಂದು ಓಟ ತೋರಿಸಿದ. ಅಮೆರಿಕದ ಅಯೋವಾ ರಾಜ್ಯದ ನಾಕ್ಸ್‌ವಿಲ್ ಎಂಬ ಸಣ್ಣ ಊರಿನ ಮಣ್ಣಿನ ಟ್ರ್ಯಾಕು. ನೆತ್ತಿಯ ಮೇಲೆ ತಗಡಿನ ದೊಡ್ಡ ರೆಕ್ಕೆ ಹೊತ್ತ, ಬಲಹಿಂದಿನ ಚಕ್ರ ಎಡದ್ದಕ್ಕಿಂತ ದಪ್ಪಗಿರುವ ವಿಚಿತ್ರ ಗಾಡಿಗಳು ಮಣ್ಣು ಚಿಮ್ಮಿಸುತ್ತ, ಅಡ್ಡಡ್ಡ ಜಾರುತ್ತ, ಎಡಕ್ಕೆ ಮಾತ್ರ ತಿರುಗುತ್ತ ಸುತ್ತು ಹೊಡೆಯುತ್ತಿದ್ದವು. ಸ್ಪ್ರಿಂಟ್ ಕಾರು ಎಂದು ಅವುಗಳ ಹೆಸರಂತೆ.

‘ಇವಕ್ಕ ಗೇರ್‌ಬಾಕ್ಸ್ ಇಲ್ರಿ, ಕ್ಲಚ್ ಇಲ್ಲ, ಸೆಲ್ಫ್ ಸ್ಟಾರ್ಟರ್ ಸೈತ ಇಲ್ಲ. ಹಿಂದಿಂದ ಇನ್ನೊಂದು ಗಾಡಿ ದೂಡಿ ಚಾಲೂ ಮಾಡಬೇಕು. ಮೆಥನಾಲ್ ಮ್ಯಾಲ ಓಡ್ತಾವ. ಅಲ್ಲೀನೂ ನಮ್ಮಂಗೇ ವರ್ಗ ಅದಾವ್ರಿ. 410, 360, 305.’

ಆ ಸಂಖ್ಯೆಗಳು ಇಂಜಿನ್ನಿನ ಗಾತ್ರ, ಘನ ಇಂಚಿನ ಲೆಕ್ಕದಲ್ಲಿ. 410 ಅಂದರೆ ಸುಮಾರು 6.7 ಲೀಟರು. ಚಾಲಕನೂ ಸೇರಿ 650 ಕೆ.ಜಿ. ಆಸುಪಾಸಿನ ಗಾಡಿಗೆ 900 ಅಶ್ವಶಕ್ತಿ. 360 ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. 305 ಅಂದರೆ ಐದು ಲೀಟರು. ಅದರಲ್ಲಿ ಇಂಥ ಬಿಡಿಭಾಗವನ್ನೇ ಹಾಕಬೇಕು, ಇಂಥದ್ದನ್ನು ಹಾಕಬಾರದು ಎಂಬ ಕಟ್ಟುಪಾಡು ಜಾಸ್ತಿ. ಕಟ್ಟುಪಾಡು ಯಾಕೆಂದರೆ ದುಡ್ಡು. 410ರ ಇಂಜಿನ್ ಒಂದಕ್ಕೇ ನಮ್ಮ ಲೆಕ್ಕದಲ್ಲಿ ಹತ್ತಾರು ಲಕ್ಷ ರೂಪಾಯಿ, ಅದೂ ಒಂದು ಹಂಗಾಮಿನಲ್ಲಿ ಮತ್ತೆ ಮತ್ತೆ ಬಿಚ್ಚಿ ಕಟ್ಟಬೇಕು. ವಾರವಿಡೀ ಗ್ಯಾರೇಜಿನಲ್ಲಿಯೋ ಹೊಲದಲ್ಲಿಯೋ ದುಡಿದು ಶನಿವಾರ ಸಂಜೆ ತನ್ನೂರಿನ ಟ್ರ್ಯಾಕಿನಲ್ಲಿ ಓಡಿಸುವವನಿಗೆ ಅದು ಎಟುಕುವುದಿಲ್ಲ. ಅವನೂ ಗೆಲ್ಲುವ ಆಸೆಯಿಂದ ಮಣ್ಣಿಗೆ ಇಳಿಯುವಂತೆ ಆಗಲಿ ಎಂದೇ ಸಣ್ಣ ಇಂಜಿನ್ನಿನ ವರ್ಗ. ಹೀಗೆ ಹೇಳುವಾಗ ಅಳಿಯನ ದನಿ ಬದಲಾಗಿತ್ತು. ತನ್ನಂಥವನೊಬ್ಬನ ಬಗ್ಗೆ ಅವನು ಹೇಳುತ್ತಿದ್ದ.

ಅಷ್ಟರಲ್ಲಿ ಕಾಕಾ ಬಂದು ಹೆಗಲ ಮೇಲಿಂದ ಬಗ್ಗಿ ನೋಡಿದರು. ಗಾಡಿಗಳನ್ನು ಅವರು ನೋಡಲಿಲ್ಲ.

‘ಮಣ್ಣು ಯಾವುದದು? ಎರಿ ಇದ್ದಂಗ ಅದ.’

ಹೌದು, ನಾಕ್ಸ್‌ವಿಲ್‌ನ ಟ್ರ್ಯಾಕು ಕಪ್ಪು ಜಿಗುಟು ಮಣ್ಣಿಗೇ ಹೆಸರುವಾಸಿ. ಅರ್ಧ ಮೈಲಿಯ ಸುತ್ತು. ಅದು ಇರುವುದು ಮೆಕ್ಕೆಜೋಳ ಬೆಳೆಯುವ ಆ ಸೀಮೆಯ ಕೃಷಿ ಜಾತ್ರೆಯ ಮೈದಾನದಲ್ಲಿ. 1961ರಿಂದ ಆಗಸ್ಟಿನಲ್ಲಿ ಅಲ್ಲಿ ದೊಡ್ಡ ಪಂದ್ಯ ನಡೆಯುತ್ತ ಬಂದಿದೆ. ಓಟಕ್ಕೆ ಮುಂಚೆ ಟ್ಯಾಂಕರಿನಿಂದ ನೀರು ಹೊಡೆದು, ಗಾಡಿ ಓಡಾಡಿಸಿ ಮಣ್ಣನ್ನು ಹದಕ್ಕೆ ತರುತ್ತಾರೆ. ಹದ ತಪ್ಪಿದರೆ ಎಂಥ ಇಂಜಿನ್ನೂ ಚಕ್ರ ತಿರುಗಿಸುತ್ತಲೇ ಇರಬೇಕಾಗುತ್ತದೆ. ಇದನ್ನು ಹೇಳಿದಾಗ ಕಾಕಾ ತಲೆಯಾಡಿಸಿದರು. ಎರೆಮಣ್ಣಿನ ಗುಣ ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಮಳೆಯಲ್ಲಿ ಉಬ್ಬಿ ಕಾಲು ಹಿಡಿಯುತ್ತದೆ, ಬೇಸಿಗೆಯಲ್ಲಿ ಕರುವಿನ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಓಡುವುದಕ್ಕೆ ಸಿಗುವುದು ನಡುವಿನ ಕೆಲವೇ ವಾರ, ಹಿಂಗಾರು ಕೊಯ್ಲಿನಿಂದ ಬಿರುಬಿಸಿಲಿನವರೆಗೆ. ಅದರಲ್ಲೂ ತೊಗರಿ ಹೊಲ ಬೇಡ. ತೊಗರಿ ಕೊಯ್ದ ಮೇಲೆ ಉಳಿಯುವ ಕೂಳೆ ಗೂಟದಂತೆ ಚೂಪಾಗಿರುತ್ತದೆ, ಓಡುವ ಎತ್ತಿನ ಗೊರಸಿನ ನಡುವೆ ನಟ್ಟರೆ ಮುಗಿಯಿತು. ಕಡಲೆ ಹೊಲ ಆಗಬೇಕು. ಕಡಲೆಯನ್ನು ಬೇರುಸಮೇತ ಕಿತ್ತಿರುತ್ತಾರೆ, ಮಣ್ಣು ಮೆತ್ತಗೆ ಸಮ ಇರುತ್ತದೆ.

ಮರುದಿನ ಬೆಳಿಗ್ಗೆ ಬಿಸಿ ರೊಟ್ಟಿ, ಪುಂಡಿಪಲ್ಯ ತಿಂದು ನಾವು ಹೊಲಕ್ಕೆ ನಡೆದೆವು. ಸರ್ಜಾ ರಾಜಾ ಮುಂದೆ. ಬೆಳಗಿನ ಬಿಸಿಲಿನಲ್ಲಿ ನೋಡಬೇಕು ಖಿಲಾರಿಯನ್ನು. ಬೂದಿ ಬೆರೆತ ಬಿಳುಪು, ಬಿಗಿದು ಕಟ್ಟಿದಂಥ ಮೈ, ಸಡಿಲ ತೊಗಲು ಎಲ್ಲೂ ಇಲ್ಲ. ನೀಳ ಕೋಡು ಹಣೆಯಿಂದ ಹಿಂದಕ್ಕೆ ಬಾಗಿ, ಬಿಲ್ಲಿನಂತೆ ಮೇಲೆದ್ದು ಮೊನೆಗೆ ಸಣ್ಣಗಾಗುತ್ತದೆ. ಹುಟ್ಟಿದಾಗ ಕರುವಿನ ನೆತ್ತಿ ತುಕ್ಕುಗೆಂಪಾಗಿರುತ್ತದೆ, ಎರಡು ಮೂರು ತಿಂಗಳಲ್ಲಿ ಆ ಕೆಂಪು ಮಾಯವಾಗುತ್ತದೆ. ಸೊಲ್ಲಾಪುರ, ಸಾಂಗಲಿ, ಸಾತಾರಾ, ಈಚೆಗೆ ವಿಜಯಪುರ, ಬೆಳಗಾವಿ ಇದರ ಸೀಮೆ. ಖಿಲ್ಲಾರ ಅಂದರೆ ದನದ ಹಿಂಡು, ಹೆಸರು ಅಲ್ಲಿಂದಲೇ ಬಂತು ಎನ್ನುತ್ತಾರೆ. ಬೇಗ ಕೆರಳುತ್ತದೆ, ಬೇಗ ಹೊರಡುತ್ತದೆ. ಮೊದಲ ಹತ್ತು ಹೆಜ್ಜೆಯಲ್ಲೇ ಪೂರಾ ವೇಗ.

ಖಜೂರಿಯವರಿಗೆ ಆಯ್ಕೆಯ ಕಷ್ಟ ಯಾಕೆಂದರೆ ಇದು ಮೂರು ತಳಿಗಳ ಕೂಡುಸ್ಥಳ. ಪಡುವಣದಿಂದ ಖಿಲಾರಿ ಬರುತ್ತದೆ. ಬಡಗಣದ ಲಾತೂರು, ಉದಗೀರ, ಬೀದರ ಕಡೆಯಿಂದ ದೇವಣಿ ಬರುತ್ತದೆ. ಜೋಲುಕಿವಿ, ಉಬ್ಬಿದ ಹಣೆ, ತಣ್ಣನೆಯ ಸ್ವಭಾವ. ದೇವಣಿಯಲ್ಲೇ ಮೂರು ಬಗೆ: ಮೈಯೆಲ್ಲ ಬಿಳಿ ಇರುವ ಬಾಲಂಕ್ಯಾ, ಬಿಳಿ ಮೈಗೆ ಕರಿ ಮೋರೆಯ ವಾನ್ನೇರಾ, ಕಪ್ಪುಬಿಳಿ ಮಚ್ಚೆಯ ಶೇವರಾ. ಆಕಳು ಹಾಲು ಕೊಡುತ್ತದೆ, ಹೋರಿ ಭಾರ ಎಳೆಯುತ್ತದೆ. ಮನೆಗೂ ಹೊಲಕ್ಕೂ ಆಗುವ ದನ. ಇನ್ನು ತೆಂಕಣದಲ್ಲಿ ಭೀಮೆ ದಾಟಿ ಹೋದರೆ ಕೃಷ್ಣಾ ತೀರದ ಭಾರಿ ಮೈಯ ಕೃಷ್ಣಾ ವ್ಯಾಲಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸಾಂಗಲಿ ಸೀಮೆಯ ಪಟವರ್ಧನ ಸಂಸ್ಥಾನಿಕರು ಜಿಗುಟು ಎರೆಮಣ್ಣಿನಲ್ಲಿ ನೇಗಿಲೆಳೆಯಲು ಬೇಕೆಂದೇ ಬೆಳೆಸಿದ ತಳಿ ಅದು. ಈಗ ಹುಡುಕಿದರೂ ಅಪರೂಪ.

ಅಳಿಯ ತನ್ನ ಭಾಷೆಯಲ್ಲಿ ಇದನ್ನು ಚೆನ್ನಾಗಿ ಹೇಳಿದ: ‘ಖಿಲಾರಿ ಹೈ ಗೇರಿನ ಇಂಜಿನ್ರಿ, ದೇವಣಿ ಲೋ ಗೇರಿಂದು. ಖಾಲಿ ಗಾಡಿಗಿ ಅದು, ಕಲ್ಲೆಳೀಲಾಕ ಇದು.’ ನಮ್ಮ ಜಾತ್ರೆಗಳಲ್ಲಿ ಎರಡೂ ಥರದ ಪಂದ್ಯ ಇವೆ. ಖಾಲಿ ಗಾಡಿಯನ್ನು ಒಂದು ನಿಮಿಷ ಓಡಿಸಿ ಎಷ್ಟು ಅಡಿ ಹೋಯಿತು ಎಂದು ಟೇಪು ಹಿಡಿದು ಅಳೆಯುವುದು ಒಂದು. ಭಾರದ ಕಲ್ಲು ಎಳೆಸುವುದು ಇನ್ನೊಂದು. ಕಲ್ಲೆಳೆತ ತೆಲುಗು ಸೀಮೆಯಲ್ಲಿ ಬಹಳ ಜೋರು, ಅಲ್ಲಿಯೂ ವರ್ಗ ಹಲ್ಲಿನ ಮೇಲೆಯೇ. ಕಡಲ ಕಡೆಗೆ ಹೋದರೆ ಕಂಬಳದಲ್ಲಿ ವರ್ಗ ಬೇರೆಯೇ ಥರ: ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡಹಲಗೆ, ಕನೆಹಲಗೆ. ಕೋಣದ ಹಿಂದೆ ಏನು ಕಟ್ಟಿದೆ ಎಂಬುದೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ಒಂದು ಜೋಡಿ ಎತ್ತು ಹದವಾಗಿ ದುಡಿದರೆ ಸರಿಸುಮಾರು ಒಂದು ಅಶ್ವಶಕ್ತಿ. ನಾಕ್ಸ್‌ವಿಲ್‌ನ ಆ ಒಂದು ಗಾಡಿಯೊಳಗೆ ನಮ್ಮ ಒಂಬೈನೂರು ಜೋಡಿ ಎತ್ತು ಹೂಡಿದಂತಾಯಿತು. ಖಜೂರಿ, ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಈಗ ಉಳುವುದು ಬಹುಪಾಲು ಟ್ರ್ಯಾಕ್ಟರೇ. ಓಣಿಯೊಂದಕ್ಕೆ ಇಷ್ಟು ಜೋಡಿ ಎಂದು ಎಣಿಸುತ್ತಿದ್ದ ಕಾಲ ನಾನು ಕಂಡಿದ್ದೇನೆ. ಈಗ ಊರಿಗೆ ಇಷ್ಟು ಜೋಡಿ ಎಂದು ಎಣಿಸಬೇಕಾಗಿದೆ. ಅಳಿಯನೇ ಒಪ್ಪಿದ, ‘ನನ್ನ ಕಸುಬೇ ಎತ್ತಿನ ಕಸುಬು ತಿಂತು’ ಎಂದು. ಹೇಳಿ, ರಾಜಾನ ಬೆನ್ನ ಮೇಲೆ ಕೈಯಿಟ್ಟ.

ನಾನು ಚಿಕ್ಕವನಿದ್ದಾಗ ಓಟ ಅಂದರೆ ಕಾರಹುಣ್ಣಿಮೆ. ಜ್ಯೇಷ್ಠದ ಹುಣ್ಣಿಮೆಗೆ ಮುತ್ಯಾ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೋಡೆಣಸು ತೊಡಿಸಿ, ಗೆಜ್ಜೆ ಕಟ್ಟಿ ಹೋಳಿಗೆ ತಿನ್ನಿಸುತ್ತಿದ್ದ. ಸಂಜೆ ಅಗಸಿಯ ಮುಂದೆ ಕರಿ ಹರಿಯುವುದು. ಊರಿಗೆ ಊರೇ ಮಾಳಿಗೆ ಏರಿ ನಿಂತಿರುತ್ತಿತ್ತು. ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ ಜೋಳ ಚೆನ್ನ, ಕೆಂದೆತ್ತು ಬಂದರೆ ಮುಂಗಾರಿ ಪೈರು ಚೆನ್ನ ಎಂಬ ನಂಬಿಕೆ. ಅಲ್ಲಿ ಹಲ್ಲಿನ ಮಾತೇ ಇಲ್ಲ. ಮುದಿ ಎತ್ತೂ ಓಡುತ್ತಿತ್ತು, ಹಾಲಹಲ್ಲಿನ ಕರವೂ ಓಡುತ್ತಿತ್ತು. ಓಡಿದ್ದು ಊರಿನ ಬೆಳೆಗಾಗಿ, ಯಾರ ಮನೆಯ ಗೆಲುವಿಗೂ ಅಲ್ಲ. ಬಹುಮಾನ ಇಟ್ಟ ಶರ್ಯತ್ತು ಬಂದ ಕೂಡಲೇ ವರ್ಗ ಬೇಕಾಯಿತು. ಗೆಲ್ಲಬೇಕೆಂಬ ಹಂಬಲ ದನದ ಮೇಲೆ ಬೀಳುವುದು ಅಲ್ಲಿಂದ ಶುರು. ಆ ಭಾರವನ್ನು ಅಳೆದು ಹಾಕುವುದಕ್ಕೆ ಹಲ್ಲಿನ ಎಣಿಕೆಗಿಂತ ಒಳ್ಳೆಯ ಸಾಧನ ನಮ್ಮ ಹಿರಿಯರಿಗೆ ಸಿಕ್ಕಿರಲಿಲ್ಲ. ನನಗೂ ಗೊತ್ತಿಲ್ಲ.

ಈ ಓಟಗಳು ಮಧ್ಯೆ ಕೆಲವು ವರ್ಷ ನಿಂತೇ ಹೋಗಿದ್ದವು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ತಡೆಯಿತು. ಕರ್ನಾಟಕ 2017ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು, ಹಿಂಸೆ ಮಾಡಬಾರದೆಂಬ ಕರಾರಿನ ಮೇಲೆ ಕಂಬಳಕ್ಕೂ ಎತ್ತಿನ ಓಟಕ್ಕೂ ದಾರಿ ಮಾಡಿತು. ಮಹಾರಾಷ್ಟ್ರದಲ್ಲಿ ಓಟಕ್ಕೆ ಕೋರ್ಟು ಒಪ್ಪಿದ್ದು 2021ರ ಡಿಸೆಂಬರ್ 16ರಂದು. ಕೊನೆಗೆ 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರ ಮೂರೂ ರಾಜ್ಯಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಖಜೂರಿಯಂಥ ಗಡಿಯೂರಿನವರು ಎರಡೂ ಕಡೆಯ ಸುದ್ದಿಗೆ ಕಿವಿಗೊಟ್ಟು ಕುಳಿತಿದ್ದರು.

ತಡೆ ಬಂದಾಗ ಕಾಕಾನಿಗೆ ಸಿಟ್ಟು ಬಂದಿತ್ತೇ ಎಂದು ಕೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: ‘ಬಂದಿತ್ತು. ಆದ್ರ ಖರೇ ಹೇಳ್ತೀನಿ, ನಮ್ಮವರೂ ತಪ್ಪು ಮಾಡ್ಯಾರ. ಕೋಲಿಗಿ ಮೊಳಿ ಹೊಡದು ಚುಚ್ಚಿದವರನ್ನ ಕಂಡೀನಿ. ಬಾಲ ತಿರುವಿ ಮುರದವರನ್ನ ಕಂಡೀನಿ. ಹಾಲಹಲ್ಲಿನ ಕರಾ ತಂದು ಬಾಯಿಗೂಡಿದ್ದರ ಜೋಡಿ ಹೂಡಿ ಕಾಲ ಕಳದವರನ್ನೂ ಕಂಡೀನಿ. ಅವು ಬಾಯಿ ಇಲ್ಲದ ಜೀವ.’

ಇದೇ ಕಾರಣಕ್ಕೆ, ಜೋಡಿಯ ಹೆಸರು ಬರೆಸುವಾಗ ಹಲ್ಲು ಎಣಿಸುವ ಮೇಜನ್ನು ನಾನು ಶರ್ಯತ್ತಿನ ಹೃದಯ ಎನ್ನುತ್ತೇನೆ. ಎರಡು ಹಲ್ಲಿನ ಹೋರಿಯ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಹೆಗಲ ತೊಗಲು ನೊಗಕ್ಕೆ ಹದವಾಗಿರುವುದಿಲ್ಲ. ತನಗಿಂತ ಎರಡು ವರ್ಷ ದೊಡ್ಡದರ ಎದುರು ಓಡಿಸಿದರೆ ಅದು ತನ್ನ ಶಕ್ತಿ ಮೀರಿ ಓಡುತ್ತದೆ, ಯಾಕೆಂದರೆ ಒಲ್ಲೆ ಎನ್ನುವುದು ಅದಕ್ಕೆ ಗೊತ್ತಿಲ್ಲ. ಹಲ್ಲು ನೋಡುವವನು ಸಡಿಲ ಬಿಟ್ಟ ಜಾತ್ರೆಯಲ್ಲಿ ಬೇರೆ ಯಾವ ನಿಯಮವಿದ್ದೂ ಉಪಯೋಗವಿಲ್ಲ. ಸಂಘಟಕರು ಮಂಟಪಕ್ಕೂ ಮೈಕಿಗೂ ಸುರಿಯುವ ಹಣದಲ್ಲಿ ಒಬ್ಬ ಪಶುವೈದ್ಯರನ್ನು ಆ ಮೇಜಿನ ಮುಂದೆ ಇಡೀ ದಿನ ಕೂಡಿಸಲಿ, ಬಾರುಕೋಲನ್ನು ಗೇಟಿನಲ್ಲೇ ಇಸಿದುಕೊಳ್ಳಲಿ. ಎತ್ತು ಸಾಕುವ ಮನೆಗಳು ಉಳಿಯಬೇಕು ಎಂದು ಬಯಸುವವನಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕಡಲೆ ಹೊಲದಲ್ಲಿ ಆ ಬೆಳಿಗ್ಗೆ ಮೂರು ಸಲ ಗಾಡಿ ಓಡಿಸಿದರು. ನಾಲ್ಕನೆಯದು ಬೇಡ ಎಂದು ಕಾಕಾ ನೊಗ ಇಳಿಸಿದರು. ಎತ್ತುಗಳ ಮೂಗಿನ ಹೊಳ್ಳೆ ಅರಳಿ ಮುಚ್ಚುತ್ತಿದ್ದವು. ಕಾಕಾ ರಾಜಾನ ಪಕ್ಕೆಗೆ ಅಂಗೈ ಒತ್ತಿ ಉಸಿರು ಎಣಿಸಿದರು, ಆಮೇಲೆ ಸರ್ಜಾನದು. ಬೆವರು ಆರುವವರೆಗೆ ನೀರು ಕುಡಿಸಲಿಲ್ಲ, ನಡೆಸಾಡಿದರು. ಬೇವಿನ ನೆರಳಿಗೆ ಬಂದ ಮೇಲೆ ಕಣಕಿ, ನೆನೆಸಿದ ಹುರಳಿ, ಕುಸುಬಿ ಹಿಂಡಿ. ಹೊಲದ ದುಡಿಮೆಯ ಎತ್ತಿಗೂ ಇದೇ ಮೇವು, ಕೊಡುವ ಹೊತ್ತು ಮಾತ್ರ ಬೇರೆ.

ಮಾತು ಆ ನೆರಳಿನಲ್ಲೇ ಆಯಿತು.

‘ಮಾಮಾ, ಹಲ್ಲು ಇನ್ನಾ ಬಿದ್ದಿಲ್ಲಲ್ಲ. ಬಿದ್ದಿಲ್ಲ ಅಂದ್ರ ಎರಡೇ. ನಿಯಮ ಹಂಗೇ ಅದ. ಎರಡು ಹಲ್ಲಿನಾಗ ಹೂಡಿದ್ರ ನಮ್ಮ ಜೋಡೀನ ಹಿಡಿಯೋರಿಲ್ಲ.’

‘ನಿಯಮ ಹಂಗೇ ಅದ, ಇಲ್ಲ ಅನ್ನಲ್ಲ.’

‘ಮತ್ತ?’

‘ಹಲ್ಲು ಇವತ್ತು ಅಳ್ಳಾಡ್ಲತ್ತದ. ಹನ್ನೆರಡು ದಿನದ ಮ್ಯಾಲ ಅದು ಇದ್ದರೂ ಹೆಸರಿಗಷ್ಟೇ ಇರ್ತದ. ಸರ್ಜಾನ ಮೈ ನಾಲ್ಕಕ್ಕ ಬಂದದ, ನನಗ ಗೊತ್ತದ, ನಿನಗೂ ಗೊತ್ತದ. ಅಲ್ಲಿ ಒಬ್ಬ ಹುಡುಗ ಈಗಷ್ಟೇ ಎರಡು ಹಲ್ಲು ಬಂದ ಹೋರಿ ಹಿಡಕೊಂಡು ಬಂದಿರ್ತಾನ. ಅದೇ ಅವನ ಮೊದಲನೇ ಜೋಡಿ. ಅವನ ಮುಂದ ಇವ್ನ ಹ್ಯಾಂಗ ಬಿಡಲಿ?’

‘ನಾಲ್ಕರಾಗ ಹೂಡಿದ್ರ ನಾವೇ ಸಣ್ಣವರಾಗ್ತೀವಿ ಮಾಮಾ. ರಾಜಾಂದು ಇನ್ನಾ ಎರಡೇ ಹಲ್ಲು.’

ಇದಕ್ಕೆ ಕಾಕಾನ ಬಳಿ ಕೂಡಲೇ ಉತ್ತರ ಇರಲಿಲ್ಲ. ಖರೆಯಾದ ಕಷ್ಟ ಇದೇ. ಜೋಡಿಯ ವರ್ಗವನ್ನು ದೊಡ್ಡ ಬಾಯಿ ನೋಡಿ ಗೊತ್ತು ಮಾಡುತ್ತಾರೆ, ಭಾರ ಸಣ್ಣದರ ಹೆಗಲ ಮೇಲೂ ಸಮನಾಗಿ ಬೀಳುತ್ತದೆ. ಅಳಿಯನ ಮಾತು ಆಸೆಯ ಮಾತಷ್ಟೇ ಆಗಿರಲಿಲ್ಲ, ರಾಜಾನ ಕಾಳಜಿಯೂ ಅದರಲ್ಲಿತ್ತು. ಓಡಿಸದೆ ಮನೆಯಲ್ಲೇ ಉಳಿಸುವುದೂ ಒಂದು ದಾರಿ ಎಂದು ನಾನು ಅಂದೆ. ಇಬ್ಬರೂ ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ. ವರ್ಷವೆಲ್ಲ ಜಾತ್ರೆಯ ದಾರಿ ಕಾಯ್ದವರು ಅವರು.

ಸಂಜೆಯ ಹೊತ್ತಿಗೆ ತೀರ್ಮಾನವಾಯಿತು. ನಾಲ್ಕು ಹಲ್ಲಿನ ವರ್ಗ. ಆದರೆ ಎರಡು ಕರಾರು. ಕೈಯಲ್ಲಿ ಬಾರುಕೋಲು ಇರಬಾರದು, ಬರೀ ಬಾಯಿಯಿಂದ ಕೂಗಿ ಓಡಿಸಬೇಕು. ರಾಜಾ ಹಿಂದೆ ಬಿದ್ದ ಎಂದು ಅನ್ನಿಸಿದ ಗಳಿಗೆಯಲ್ಲೇ ಹಗ್ಗ ಬಿಗಿಹಿಡಿದು ನಿಲ್ಲಿಸಬೇಕು, ನಿಮಿಷ ಮುಗಿಯದಿದ್ದರೂ ಸರಿ. ಅಳಿಯ ಒಪ್ಪಿದ. ಒಪ್ಪಿದ್ದು ಮುಖದಲ್ಲಿ ಕಾಣಲಿಲ್ಲ, ರಾತ್ರಿ ಊಟಕ್ಕೆ ಕುಳಿತಾಗ ಮಾವನ ತಾಟಿಗೆ ತಾನೇ ಜುಣಕ ಬಡಿಸಿದ್ದರಲ್ಲಿ ಕಂಡಿತು.

ಜಾತ್ರೆಗೆ ನಾನೂ ಹೋಗಿದ್ದೆ. ಹೊಲದಂಚಿಗೆ ಟ್ರ್ಯಾಕ್ಟರುಗಳ ಸಾಲು. ಅವುಗಳ ಟ್ರಾಲಿಗಳಿಂದಲೇ ಎತ್ತು ಇಳಿಯುತ್ತಿದ್ದವು, ಜನ ಅವೇ ಟ್ರಾಲಿಗಳ ಮೇಲೆ ನಿಂತು ನೋಡುತ್ತಿದ್ದರು. ಮೈಕಿನಲ್ಲಿ ಒಂದು ಸಾಲು ಕನ್ನಡ, ಒಂದು ಸಾಲು ಮರಾಠಿ. ಮಿರ್ಚಿಭಜಿಯ ಎಣ್ಣೆಯ ವಾಸನೆ, ಮಂಡಾಳ ಸೂಸಲದ ಉಳ್ಳಾಗಡ್ಡಿಯ ಘಾಟು, ಎಲ್ಲದರ ಮೇಲೆ ಕಪ್ಪು ಧೂಳು. ಹೆಸರು ಬರೆಸುವ ಮೇಜಿನ ಮುಂದೆ ಬಿಳಿ ಟೋಪಿಯ ಒಬ್ಬ ಮುದುಕ ಹಲ್ಲು ನೋಡುತ್ತಿದ್ದ. ಒಂದೊಂದು ಬಾಯಿಗೂ ಹತ್ತು ಎಣಿಸುವಷ್ಟು ಹೊತ್ತು. ಸರ್ಜಾನ ತುಟಿ ಜಗ್ಗಿ, ಹಲ್ಲನ್ನು ಒತ್ತಿ, ಕಾಕಾನ ಮುಖ ನೋಡಿದ.

‘ಎರಡರಾಗ ನಡೀತದ್ರಿ ಗೌಡ್ರ. ಬಿದ್ದಿಲ್ಲ ಇನ್ನಾ.’

‘ನಾಲ್ಕರಾಗ ಬರಕೋರಿ.’

ಮುದುಕ ಕೈಯೊರೆಸಿಕೊಂಡು ಮತ್ತೊಮ್ಮೆ ನೋಡಿದ, ಹಲ್ಲನ್ನಲ್ಲ, ಕಾಕಾನನ್ನು. ಬರೆದುಕೊಂಡ.

ಸೀಟಿ ಊದಿದಾಗ ಅಳಿಯ ಗಾಡಿಯ ಮುಂಭಾಗದಲ್ಲಿ ಮೊಣಕಾಲೂರಿ ಎರಡೂ ಹಗ್ಗ ಹಿಡಿದು ‘ಹೊಯ್’ ಎಂದು ಒಂದೇ ಒಂದು ಕೂಗು ಹಾಕಿದ. ಗಾಡಿ ನನ್ನ ಮುಂದೆ ಹಾದುಹೋದ ಗಳಿಗೆ ಕಣ್ಣಿನಲ್ಲಿ ಇನ್ನೂ ಇದೆ. ಎಂಟು ಗೊರಸು ನೆಲ ಕಿತ್ತ ಸದ್ದು, ನೊಗದ ಕೆಳಗೆ ಎರಡು ಕುತ್ತಿಗೆ ಒಂದೇ ಮಟ್ಟದಲ್ಲಿ ಚಾಚಿದ್ದು, ರಾಜಾನ ಕಣ್ಣಿನ ಬಿಳಿ. ಅರ್ಧಕ್ಕೂ ಮೇಲೆ ಹೋದ ಮೇಲೆ ಗಾಡಿ ಚೂರು ಬಲಕ್ಕೆ ವಾಲಿತು. ಬಲಗಡೆ ಇದ್ದದ್ದು ರಾಜಾ. ಅಳಿಯ ಹಗ್ಗ ಬಿಗಿದ. ನಿಲ್ಲಿಸಲಿಲ್ಲ, ಆದರೆ ವೇಗ ಇಳಿಸಿ ಇಬ್ಬರನ್ನೂ ಸಮಕ್ಕೆ ತಂದುಕೊಂಡು, ಉಳಿದ ನಿಮಿಷವನ್ನು ಹಾಗೆಯೇ ಓಡಿಸಿದ. ಎರಡನೆಯ ಸೀಟಿ. ಟೇಪು ಹಿಡಿದವರು ಓಡಿದರು.

ಒಂಬತ್ತು ಜೋಡಿಗಳಲ್ಲಿ ನಾಲ್ಕನೆಯ ಸ್ಥಾನ. ಮೂರನೆಯವರಿಗಿಂತ ಇಪ್ಪತ್ತೊಂದು ಅಡಿ ಕಮ್ಮಿ. ಬಹುಮಾನ ಮೂವರಿಗೆ ಮಾತ್ರ. ಎರಡು ಹಲ್ಲಿನ ವರ್ಗದಲ್ಲಿ ಮೊದಲು ಬಂದ ಹುಡುಗನಿಗೆ ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಹೋರಿಯ ಕೊರಳು ತಬ್ಬಿಕೊಂಡು ಫೋಟೋಕ್ಕೆ ನಿಂತಿದ್ದ. ಕಾಕಾ ಹತ್ತಿರ ಹೋಗಿ ಅವನ ಹೋರಿಗಳ ಗೊರಸು ನೋಡಿ ಏನೋ ಹೇಳಿ ಬಂದರು. ಏನು ಹೇಳಿದಿರಿ ಎಂದು ಕೇಳಿದೆ. ‘ಎಡಗಡೀದರ ಲಾಳ ಸಡ್ಲ ಆಗ್ಯಾದ, ಮನಿಗಿ ಹೋಗೋ ಮೊದಲ ಬಡಸ್ಕೋ ಅಂದೆ.’

ಅಳಿಯ ದಾರಿಯುದ್ದಕ್ಕೂ ಮಾತಾಡಲಿಲ್ಲ. ಟ್ರಾಲಿಯಲ್ಲಿ ಎತ್ತುಗಳ ನಡುವೆ ಕುಳಿತು ರಾಜಾನ ಬಲ ಹೆಗಲಿಗೆ ಬೇವಿನೆಣ್ಣೆ ತಿಕ್ಕುತ್ತಿದ್ದ. ಖಜೂರಿ ಹತ್ತಿರ ಬಂದಾಗ ಮಾತ್ರ, ‘ಮುಂದಿನ ವರ್ಷ ಇವನ್ದೂ ನಾಲ್ಕು ಬಂದಿರ್ತಾವ ಮಾಮಾ,’ ಎಂದ.

ನಾನು ಅಂದು ಅಲ್ಲೇ ಉಳಿದೆ. ಬೆಳಿಗ್ಗೆ ಕಾಕಾನ ಮೊಮ್ಮಗ ಕೊಟ್ಟಿಗೆಯಿಂದ ಕೂಗುತ್ತ ಓಡಿ ಬಂದ. ಒಂದನೇ ಇಯತ್ತೆಯ ಹುಡುಗ, ಮುಂದಿನ ಎರಡು ಹಲ್ಲು ಅವನಿಗೂ ಇಲ್ಲ. ಗೋದಲಿಯಲ್ಲಿ ಉಳಿದ ಕಣಕಿಯ ನಡುವೆ ಸಿಕ್ಕಿದ್ದನ್ನು ಅಂಗೈಯಲ್ಲಿ ಹಿಡಿದಿದ್ದ. ಮೆಕ್ಕೆಜೋಳದ ಕಾಳಿನಷ್ಟು ಬಿಳಿ, ಬುಡದಲ್ಲಿ ಸ್ವಲ್ಪ ರಕ್ತ ಒಣಗಿತ್ತು. ಅಜ್ಜಿ ಬಂದು ನೋಡಿ, ಹಿಡಿಯಷ್ಟು ಸೆಗಣಿ ತಂದು ಕೊಟ್ಟಳು. ಹುಡುಗ ತನ್ನ ಹಲ್ಲು ಬಿದ್ದಾಗ ಮಾಡಿದ ಹಾಗೆಯೇ ಅದನ್ನು ಸೆಗಣಿಯ ಉಂಡೆಯೊಳಗೆ ಒತ್ತಿ, ಅಂಗಳದ ನಡುವೆ ನಿಂತು, ಎರಡು ಹೆಜ್ಜೆ ಹಿಂದೆ ಸರಿದು, ಬೀಸಿ ಮಾಳಿಗೆಯ ಮೇಲೆ ಎಸೆದ.